ಭೀಮಣ್ಣನ ಹೆಸರಿನಲ್ಲಿ

ಜನವರಿ ಅಂದರೆ ನಮ್ಮ ಕಬ್ಬೂರಿನಲ್ಲಿ ಟ್ರ್ಯಾಕ್ಟರುಗಳ ತಿಂಗಳು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ತುಂಬಾ ಕಬ್ಬು ಹೇರಿಕೊಂಡು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ರಾತ್ರಿಯಿಡೀ ಫ್ಯಾಕ್ಟರಿ ಕಡೆ ಹೋಗುತ್ತಿರುತ್ತವೆ. ಆ ಗದ್ದಲದ ನಡುವೆಯೇ 24ನೇ ತಾರೀಖಿನ ರಾತ್ರಿ ನಮ್ಮ ಓಣಿಯ ಗುಡಿಕಟ್ಟೆಯ ಮೇಲೆ ಏಳೆಂಟು ಮಂದಿ ಕೂಡುತ್ತಾರೆ. ಒಬ್ಬರು ಪೇಟಿ ತರುತ್ತಾರೆ, ಇನ್ನೊಬ್ಬರು ತಬಲಾ, ಮತ್ತೊಬ್ಬರು ಚಹಾದ ಕಿಟ್ಲಿ. ಪಂಡಿತ ಭೀಮಸೇನ ಜೋಶಿ ತೀರಿಕೊಂಡ ದಿನವದು. ಬ್ಯಾನರಿಲ್ಲ, ಭಾಷಣವಿಲ್ಲ. ಒಂದಿಷ್ಟು ದಾಸರ ಪದ, ಒಂದಿಷ್ಟು ಅಭಂಗ, ನಡುನಡುವೆ ಭೀಮಣ್ಣನ ಕಥೆ. ನಮ್ಮ ಕಡೆ ಅವರು ಪಂಡಿತರಲ್ಲ, ಭೀಮಣ್ಣ.

ಮೊದಮೊದಲು ಹಾಡಿನ ಕಥೆ ಬರುತ್ತವೆ. ರಾತ್ರಿ ಏರಿದಂತೆ ಕುಡಿತದ ಕಥೆ ಶುರು. ಎಷ್ಟು ಕುಡಿದಿದ್ದರೂ ವೇದಿಕೆ ಏರಿ ಷಡ್ಜ ಹಚ್ಚಿದರೆ ಸಭೆ ತಣ್ಣಗಾಗುತ್ತಿತ್ತಂತೆ ಎನ್ನುವಂಥವು. ಈ ಕಥೆಗಳಲ್ಲಿ ನನ್ನ ಸೋದರಮಾವನನ್ನು ಮೀರಿಸುವವರಿರಲಿಲ್ಲ. ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದ ಅವನ ಕೊರಳು ನಿಜಕ್ಕೂ ಒಳ್ಳೆಯದಿತ್ತು. ಸಂಜೆ ಹೊತ್ತಿಗೆ ಬಾಯಿಂದ ವಾಸನೆ ಬಂದಾಗ ಆಯಿ ಬೈದರೆ ಅವನು ತಕ್ಷಣ ಭೀಮಣ್ಣನ ಹೆಸರು ಮುಂದೆ ಮಾಡುತ್ತಿದ್ದ. ಅಷ್ಟು ದೊಡ್ಡವರೇ ಕುಡಿಯುತ್ತಿದ್ದರು, ಹಾಡಲಿಲ್ಲವೇ, ಭಾರತರತ್ನ ಬರಲಿಲ್ಲವೇ ಎಂಬುದು ಅವನ ವಾದ. ಆಯಿಗೆ ಉತ್ತರ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ, 46ನೇ ವಯಸ್ಸಿಗೆ, ಲಿವರ್ ಕೈಕೊಟ್ಟು ಮಾವ ಹೋದ. ಅವನ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳು ನನ್ನ ಪಾಲಿಗೆ ಬಂದವು. ಅವನ್ನು ಕೇಳುತ್ತಾ ಕೇಳುತ್ತಾ ಭೀಮಣ್ಣನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಾವನ ಕಥೆಗಳು ಸುಳ್ಳಾಗಿರಲಿಲ್ಲ. ಆದರೆ ಅವನು ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಭೀಮಸೇನ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ಆಗಿನ ಧಾರವಾಡ ಜಿಲ್ಲೆಯ ರೋಣದಲ್ಲಿ. ಅಪ್ಪ ಗುರುರಾಜಾಚಾರ್ಯರು ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಇವರೇ ಹಿರಿಯರು. ಅವ್ವ ದೇವರ ಪದ ಹಾಡುತ್ತಿದ್ದರು. ಗದುಗಿನಲ್ಲಿ ಬೆಳೆದ ಹುಡುಗನಿಗೆ ಓದಿಗಿಂತ ಓಣಿಯ ಸದ್ದೇ ಹೆಚ್ಚು. ಭಜನೆಯವರೋ ಬ್ಯಾಂಡಿನವರೋ ಮೆರವಣಿಗೆ ಹೊರಟರೆ ಸಾಕು, ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ಅಪ್ಪ ಕೊನೆಗೆ ಒಂದು ಉಪಾಯ ಮಾಡಿದರು. ಇವನು ಜೋಶಿ ಮಾಸ್ತರರ ಮಗ ಎಂದು ಅಂಗಿಯ ಮೇಲೇ ಬರೆದುಬಿಟ್ಟರು. ಮಲಗಿದ್ದವನನ್ನು ಕಂಡವರು ಅದನ್ನೋದಿ ಮನೆಗೆ ತಂದು ಮುಟ್ಟಿಸುತ್ತಿದ್ದರು. ಈಗಿನ ಶಾಲೆಯ ಐಡಿ ಕಾರ್ಡಿಗಿಂತ ಇದೇ ಚೆನ್ನಾಗಿತ್ತು ಅನಿಸುತ್ತದೆ.

ಆ ದಿನಗಳಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡೊಂದು ಕಿವಿಗೆ ಬಿತ್ತು. ಝಿಂಝೋಟಿ ರಾಗದ್ದು. ಹೀಗೆ ಹಾಡಬೇಕು, ಇಲ್ಲದಿದ್ದರೆ ಬೇಡ ಎನ್ನುವ ಹಟ ಹುಡುಗನಿಗೆ ಹತ್ತಿದ್ದು ಅಲ್ಲಿಂದ. ಆ ಖಾನ್‌ಸಾಹೇಬರ ಸಮಾಧಿ ನಮಗೆ ದೂರವೇನಲ್ಲ, ಮೀರಜಿನ ದರ್ಗಾದ ಆವರಣದಲ್ಲೇ ಇದೆ. ರಾಯಬಾಗದಲ್ಲಿ ರೈಲು ಹತ್ತಿ ಕುಡಚಿ ದಾಟಿದರೆ ಮೀರಜ್. ಅಲ್ಲಿ ಉರುಸಿನ ಹೊತ್ತಿಗೆ ಇಂದಿಗೂ ಸಂಗೀತ ಸಭೆ ನಡೆಯುತ್ತದೆ, ತಂಬೂರಿ ಮಾಡುವವರ ಓಣಿಯೂ ಇದೆ. ನಮ್ಮೂರಿನವರು ಆ ಊರಿಗೆ ಹೋಗುವುದು ಮಾತ್ರ ದವಾಖಾನೆಗೆ. ನಾನೂ ಮೊದಲ ಸಲ ಹೋದದ್ದು ಮಾವನನ್ನು ಕರೆದುಕೊಂಡೇ.

1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ. ಊಟದ ಹೊತ್ತಿನಲ್ಲಿ ಇನ್ನೊಂದು ಚಮಚ ತುಪ್ಪ ಸಿಗಲಿಲ್ಲವೆಂದು ಸಿಟ್ಟಾಗಿ ಹೋದ ಎನ್ನುವ ಮಾತುಂಟು. ತುಪ್ಪ ನೆಪವಿರಬೇಕು, ಬೇಕಾಗಿದ್ದದ್ದು ಗುರು. ಟಿಕೀಟಿಲ್ಲದೆ ರೈಲು ಹತ್ತಿ, ಟಿಸಿಗಳಿಗೂ ಪ್ರಯಾಣಿಕರಿಗೂ ಹಾಡಿ ತೋರಿಸಿ, ಕೊಟ್ಟದ್ದು ತಿಂದು ಗ್ವಾಲಿಯರ್ ಮುಟ್ಟಿದ. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆ ಸೇರಿದ. ಆಮೇಲೆ ದಿಲ್ಲಿ, ಕಲ್ಕತ್ತಾ, ಲಖನೌ, ರಾಮಪುರ ಎಂದು ಉತ್ತರ ಭಾರತವೆಲ್ಲ ಅಲೆದ. ಕಲ್ಕತ್ತಾದಲ್ಲಿ ಚಿತ್ರನಟ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿ ದುಡಿದ. ಎಷ್ಟೋ ವರ್ಷದ ಮೇಲೆ ಒಂದು ಕಛೇರಿ ಮುಗಿಸಿದ ಗಾಯಕ, ಮೆಚ್ಚಿ ಮಾತಾಡಿಸಲು ಬಂದ ಸನ್ಯಾಲರಿಗೆ, ನಿಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಆ ಜೋಶಿ ಹುಡುಗ ನಾನೇ ಎಂದು ನೆನಪು ಮಾಡಿಕೊಟ್ಟರಂತೆ. ಈ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ.

ಅಲೆದಾಟ ಮುಗಿದದ್ದು ಪಂಜಾಬಿನ ಜಲಂಧರದಲ್ಲಿ. ಅಲ್ಲಿನ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ಮನೆಯ ಹತ್ತಿರವೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಯಾಕೆ ಬಂದೆ ಎಂದು ಹುಡುಗನನ್ನು ಕೇಳಿದರು. ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಗದುಗಿನ ಹುಡುಗ ಕುಂದಗೋಳ ಸೇರಲು ಜಲಂಧರ ಸುತ್ತಿ ಬರಬೇಕಾಯಿತು.

1936ರಿಂದ ಕುಂದಗೋಳದ ವಾಸ. ನಾಲ್ಕೈದು ವರ್ಷ. ಮೊದಲು ಬಹಳ ದಿನ ಹಾಡಿಲ್ಲ, ಬರೀ ಮನೆಗೆಲಸ. ಕೊಡ ಹೊತ್ತು ನೀರು ತರುವುದು, ಗುರುಗಳು ಇತರರಿಗೆ ಹೇಳಿಕೊಡುವುದನ್ನು ಕೇಳುವುದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬಂದುಹೋಗುತ್ತಿದ್ದ ಕಾಲವದು. ಪಾಠ ಶುರುವಾದ ಮೇಲೂ ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ, ಇಷ್ಟೇ ರಾಗಗಳು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರು ರಾಗವನ್ನು ಅಷ್ಟು ವರ್ಷ ತಿಕ್ಕಿದ ಕೊರಳದು. ಮುಂದೆ ಅದೇ ಕೊರಳಿನ ಮೇಲೆ ಎಷ್ಟು ಸೆರೆ ಸುರಿದರೂ ಸುಲಭಕ್ಕೆ ಕೆಡಲಿಲ್ಲವೆಂದರೆ ಕಾರಣ ಕುಂದಗೋಳದಲ್ಲಿದೆ. ಈ ನೀರು ಹೊತ್ತ ಕಥೆಯನ್ನು ಮಾವ ಎಂದೂ ಹೇಳಿದ್ದಿಲ್ಲ. ಗೊತ್ತಿರಲಿಲ್ಲವೋ, ಬೇಕಾಗಿರಲಿಲ್ಲವೋ.

ಮುಂದಿನದು ಬೇಗ ನಡೆಯಿತು. 1941ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಮೊದಲ ಕಛೇರಿ. ಮರುವರ್ಷ ಎಚ್‌ಎಂವಿಯಿಂದ ಭಕ್ತಿಗೀತೆಗಳ ರೆಕಾರ್ಡು. 1943ರಲ್ಲಿ ಮುಂಬೈ ರೇಡಿಯೊ. 1946ರಲ್ಲಿ ಪುಣೆಯಲ್ಲಿ ಗುರುಗಳ ಅರವತ್ತರ ಸಂಭ್ರಮದಲ್ಲಿ ಹಾಡಿದ ಮೇಲೆ ಹೆಸರು ಎಲ್ಲೆಡೆ ಹಬ್ಬಿತು. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು, ಅದನ್ನು ಭೀಮಸೇನರು ಹತ್ತಾರು ವರ್ಷ ಹೊತ್ತು ನಡೆಸಿದರು. 1956ರ ಹಿಂದಿ ಚಿತ್ರ ಬಸಂತ್ ಬಹಾರ್‌ನಲ್ಲಿ ಮನ್ನಾ ಡೇ ಜೊತೆ ಜುಗಲ್‌ಬಂದಿ. ಕಥೆಯ ಪ್ರಕಾರ ಅಲ್ಲಿ ಗೆಲ್ಲಬೇಕಾಗಿದ್ದದ್ದು ಮನ್ನಾ ಡೇ ದನಿ. ಭೀಮಸೇನರನ್ನು ಹಾಡಿ ಸೋಲಿಸುವುದೆಂದರೆ ಹೇಗೆ ಎಂದು ಮನ್ನಾ ಡೇ ಹೆದರಿದ್ದರಂತೆ. ಕನ್ನಡದಲ್ಲಿ 1966ರ ಸಂಧ್ಯಾರಾಗ, ಡಾ. ರಾಜಕುಮಾರ್ ಅವರದು. ಅದರ ಹಾಡನ್ನು ನಮ್ಮ ಕಟ್ಟೆಯ ಮೇಲೆ ಪ್ರತಿವರ್ಷ ಯಾರಾದರೊಬ್ಬರು ಹಾಡಲು ಹೋಗಿ ನಡುವೆ ಉಸಿರು ಸಿಕ್ಕಿಕೊಳ್ಳುತ್ತಾರೆ.

ಇದೇ ಕಾಲದಲ್ಲಿ ಬದುಕು ಬಹಳ ಜೋರಾಗಿ ಓಡುತ್ತಿತ್ತು. ಕಾರೆಂದರೆ ಹುಚ್ಚು. ಹಿಂದಿನ ಸೀಟಿನಲ್ಲಿ ತಂಬೂರಿ ಮಲಗಿಸಿ, ಸಾಥಿದಾರರನ್ನು ಕೂಡಿಸಿಕೊಂಡು, ತಾವೇ ಸ್ಟೇರಿಂಗ್ ಹಿಡಿದು ರಾತ್ರಿಯಿಡೀ ಓಡಿಸುತ್ತಿದ್ದರು. ಕೆಟ್ಟರೆ ಬಾನೆಟ್ ಎತ್ತಿ ತಾವೇ ರಿಪೇರಿಗೆ ನಿಲ್ಲುತ್ತಿದ್ದರು. ಇವತ್ತು ಈ ಊರು, ನಾಳೆ ಆ ಊರು, ವಿಮಾನ, ವಿದೇಶ. ಮನೆಯೂ ಎರಡಾಯಿತು. ಮೊದಲ ಪತ್ನಿ ಸುನಂದಾ, ಮಕ್ಕಳು ಇರುವಾಗಲೇ, ನಾಟಕದಲ್ಲಿ ಜೊತೆಗೆ ಪಾತ್ರ ಮಾಡಿದ್ದ ವತ್ಸಲಾ ಅವರನ್ನು ಮದುವೆಯಾದರು. ಮುಂದೆ ಹಿರಿಯ ಮಗ ರಾಘವೇಂದ್ರ ಜೋಶಿ ತಂದೆಯ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕ ಬರೆದರು. ಅದರಲ್ಲಿ ಅಭಿಮಾನವೂ ಇದೆ, ಅಪ್ಪನಿಲ್ಲದ ಮನೆಯ ನೋವೂ ಇದೆ. ಅಭಿಮಾನಿಗಳಾದ ನಮಗೆ ಆ ಮನೆಯ ಒಳಗು ಕಾಣುವುದಿಲ್ಲ, ನಮಗೆ ಕಾಣುವುದು ವೇದಿಕೆಯಷ್ಟೇ.

ಕುಡಿತ ಇತ್ತು. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ಮಾವ ಹೇಳುತ್ತಿದ್ದಂತೆ ಕುಡಿದಾಗೆಲ್ಲ ಹಾಡು ಮುಗಿಲಿಗೆ ಏರುತ್ತಿರಲಿಲ್ಲ. ಕೆಲವು ಕಛೇರಿ ಕೆಟ್ಟವು. ಇವತ್ತು ಹಾಡುತ್ತಾರೋ ಇಲ್ಲವೋ ಎಂದು ಕಾರ್ಯಕ್ರಮ ಇಟ್ಟುಕೊಂಡವರು ಎದೆ ಹಿಡಿದು ಕೂಡುವ ದಿನಗಳಿದ್ದವು. ಕೇಳಲು ಬಂದ ಜನ ಬೇಸರದಿಂದ ಎದ್ದು ಹೋಗಿದ್ದೂ ಉಂಟು. ಆ ರಾತ್ರಿಗಳ ಕಥೆ ಕಟ್ಟೆಯ ಮೇಲೆ ಬರುವುದಿಲ್ಲ, ಯಾಕೆಂದರೆ ಕೆಟ್ಟ ಕಛೇರಿಯನ್ನು ನೆನಪಿಟ್ಟು ಯಾರು ತಾನೇ ಹೆಮ್ಮೆಪಡುತ್ತಾರೆ?

ನನ್ನ ಹಾಸ್ಟೆಲ್ ಗೆಳೆಯನ ಗೋಡೆಯ ಮೇಲೆ ಅಮೆರಿಕದ ರಾಕ್ ಗಾಯಕ ಕರ್ಟ್ ಕೊಬೇನನ ಪೋಸ್ಟರ್ ಇತ್ತು. 1994ರಲ್ಲಿ, 27ನೇ ವಯಸ್ಸಿಗೆ, ಮಾದಕ ವಸ್ತುವಿನ ಚಟದಲ್ಲಿ ನರಳುತ್ತಲೇ ತನ್ನ ಜೀವ ತಾನೇ ತೆಗೆದುಕೊಂಡವನು. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್ ಇಬ್ಬರೂ 1970ರಲ್ಲಿ ಅದೇ 27ಕ್ಕೆ ಹೋದವರು. ಗೆಳೆಯನಿಗೆ ಆ ಸಂಖ್ಯೆಯೇ ಒಂದು ಬಿರುದಿನ ಹಾಗೆ. ಅವನ ಮಾತು ಕೇಳುವಾಗ ನನಗೆ ಮಾವನ ದನಿಯೇ ಕೇಳಿದಂತಾಗುತ್ತಿತ್ತು. ಭಾಷೆ ಬೇರೆ, ವಾದ್ಯ ಬೇರೆ, ವಾದ ಒಂದೇ.

ಭೀಮಣ್ಣ ಆ ಪಟ್ಟಿಗೆ ಸೇರಲಿಲ್ಲ. 1970ರ ದಶಕದ ಕೊನೆಯ ಹೊತ್ತಿಗೆ, ಸುಮಾರು 57ರ ವಯಸ್ಸಿನಲ್ಲಿ, ಅವರು ಕುಡಿತ ಬಿಟ್ಟರು. ಮಾವನ ಕಥೆಯಲ್ಲಿ ಇಲ್ಲದಿದ್ದ ಅರ್ಧ ಇದು. ಕೊರಳಿಗೆ, ದೇಹಕ್ಕೆ, ಹೆಸರಿಗೆ ಅಂಟಿಕೊಂಡಿದ್ದ ಚಟ. ಜನ ಅದನ್ನೇ ಕಥೆ ಮಾಡಿ ಮೆಚ್ಚುತ್ತಿದ್ದಾಗ ಅದನ್ನು ಬಿಡುವುದು ಇನ್ನೂ ಕಷ್ಟವಿರಬೇಕು. ಬಿಟ್ಟ ಮೇಲೆ ಅವರ ಮುಂದೆ ಇನ್ನೂ ಮೂವತ್ತು ವರ್ಷ ಇದ್ದವು. ನಾವು ಇವತ್ತು ಭೀಮಣ್ಣನದೆಂದು ನೆನಪಿಸಿಕೊಳ್ಳುವುದರಲ್ಲಿ ಬಹಳಷ್ಟು ಆ ಮೂವತ್ತು ವರ್ಷದ್ದು. 1985ರಲ್ಲಿ ಅನ್‌ಕಹೀ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ, ಅದೇ ವರ್ಷ ಪದ್ಮಭೂಷಣ. 1988ರಲ್ಲಿ ದೂರದರ್ಶನದಲ್ಲಿ ಬಂದ ಮಿಲೇ ಸುರ್ ಮೇರಾ ತುಮ್ಹಾರಾ ಶುರುವಾಗುವುದೇ ಅವರ ದನಿಯಿಂದ. ಕರ್ನಾಟಕದಲ್ಲಿ ದಾಸವಾಣಿ, ಮಹಾರಾಷ್ಟ್ರದಲ್ಲಿ ಸಂತವಾಣಿ ಎಂದು ಊರೂರು ಸುತ್ತಿದರು.

ನಮ್ಮಂಥ ಗಡಿಯ ಊರಿಗೆ ಅವರು ಎರಡು ಬಾಗಿಲಿನಿಂದ ಬಂದರು. ಶುಕ್ರವಾರ ಭಾಗ್ಯದ ಲಕ್ಷ್ಮಿ ಬಾರಮ್ಮ ಹಚ್ಚುವ ಮನೆಯವರೇ ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿ ಹೊರಟಾಗ ಅವರ ಮರಾಠಿ ಅಭಂಗ ಹಚ್ಚುತ್ತಾರೆ. ಕನ್ನಡ, ಮರಾಠಿ ಎಂದು ಬೇರೆ ಬೇರೆ ಕಟ್ಟೆಯ ಮೇಲೆ ಕೂಡುವವರೂ ಭೀಮಣ್ಣನ ವಿಷಯದಲ್ಲಿ ಜಗಳಾಡಿದ್ದನ್ನು ನಾನು ಕಂಡಿಲ್ಲ. ಅವರು ನಮ್ಮವರು ಎಂದು ಇಬ್ಬರೂ ಹೇಳುತ್ತಾರೆ, ಇಬ್ಬರದೂ ಖರೆ.

ಕೊನೆಯ ವರ್ಷಗಳು ಆಸ್ಪತ್ರೆ, ಶಸ್ತ್ರಚಿಕಿತ್ಸೆಗಳಲ್ಲಿ ಕಳೆದವು. 2005ರಲ್ಲಿ ಕರ್ನಾಟಕ ರತ್ನ. 2007ರಲ್ಲಿ, ಗುರುಗಳ ಹೆಸರಿನ ಅದೇ ಪುಣೆಯ ಉತ್ಸವದಲ್ಲಿ, ಮತ್ತೊಮ್ಮೆ ಹಾಡಿದರು. 2008ರ ನವೆಂಬರಿನಲ್ಲಿ ಭಾರತರತ್ನ ಘೋಷಣೆಯಾದಾಗ ದಿಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ, ಮರುವರ್ಷ ಪುಣೆಯ ಮನೆಗೇ ತಂದು ಕೊಟ್ಟರು. 2011ರ ಜನವರಿ 24ರಂದು ತೀರಿಕೊಂಡರು. 89 ತುಂಬಲು ಹನ್ನೊಂದು ದಿನ ಬಾಕಿ ಇತ್ತು. ಅಂದು ಟಿವಿಯ ಮುಂದೆ ಕೂತು ಮಾವ ಚಿಕ್ಕ ಹುಡುಗನಂತೆ ಅತ್ತದ್ದು ನನಗೆ ಮಸುಕಾಗಿ ನೆನಪಿದೆ. ಆ ರಾತ್ರಿ ದುಃಖಕ್ಕೆಂದು ಕುಡಿದ. ಕಟ್ಟೆಯ ಮೇಲಿನ ಈ ಕೂಟ ಶುರುವಾದದ್ದೂ ಆ ರಾತ್ರಿಯೇ.

ಈ ವರ್ಷವೂ ಸೇರಿದ್ದೆವು. ಹತ್ತು ಗಂಟೆ ದಾಟಿತು, ಒಬ್ಬ ಕಾಕಾ ಬಾಟ್ಲಿಯ ಕಥೆ ತೆಗೆದರು. ಮಾವನ ಮಗ ನನ್ನ ಪಕ್ಕದಲ್ಲೇ ಕೂತಿದ್ದ, ಹತ್ತನೇ ಈಯತ್ತೆ ಹುಡುಗ, ಈಗ ಅಪ್ಪನ ಪೇಟಿಯನ್ನು ಅವನೇ ಬಾರಿಸುತ್ತಾನೆ. ಕಾಕಾನ ಕಥೆ ಮುಗಿಯುವವರೆಗೆ ಸುಮ್ಮನಿದ್ದೆ. ಹಿರಿಯರು, ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ನಾನೊಂದು ಹೇಳಲೇ ಎಂದು ಕೇಳಿ, ಕುಂದಗೋಳದ ಕೊಡದ ಕಥೆ ಹೇಳಿದೆ, ಕುಡಿತ ಬಿಟ್ಟ ಕಥೆಯನ್ನೂ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಕಾಕಾ ಎಲೆಅಡಿಕೆ ಚೀಲ ಬಿಚ್ಚಿದರು. ಹುಡುಗ ಮಾತ್ರ ಪೇಟಿಯ ಮೇಲಿಂದ ಕೈ ತೆಗೆದು, ಆ ಮೂರು ರಾಗ ಯಾವುವು ಎಂದು ಇನ್ನೊಮ್ಮೆ ಕೇಳಿದ. ಹೇಳಿದೆ. ಮಾವನ ಟ್ರಂಕಿನಲ್ಲಿ ಮುಲ್ತಾನಿಯ ಕ್ಯಾಸೆಟ್ ಇತ್ತು. ರೀಲು ಸಡಿಲಾಗಿತ್ತು, ಪೆನ್ಸಿಲ್ ಹಾಕಿ ತಿರುವಿ ಬಿಗಿ ಮಾಡಿ ಹಚ್ಚಿದೆವು. ಮಧ್ಯಾಹ್ನದ ರಾಗ, ರಾತ್ರಿ ಹತ್ತೂವರೆಗೆ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಬಂತು. ಅದು ದಾಟಿ ಹೋಗುವತನಕ ಕಾದು, ಟೇಪನ್ನು ಮತ್ತೆ ಮೊದಲಿನಿಂದ ಹಚ್ಚಿದೆ.