ಪ್ರೊ. ಸತೀಶ್ ಧವನ್: ಸೋಲಿನ ಹೊಣೆ ಹೊತ್ತ ಗುರು

ಕಳೆದ ವರ್ಷ ಏಳನೆಯ ತರಗತಿಯಲ್ಲಿ ಕ್ರಿಯೆ ಮತ್ತು ಪ್ರತಿಕ್ರಿಯೆಯ ನಿಯಮವನ್ನು ತೋರಿಸಲೆಂದು ಒಂದು ಬಲೂನನ್ನು ಊದಿ, ರಬ್ಬರ್ ಪಟ್ಟಿಯಿಂದ ಮೇಜಿನ ಕಾಲಿಗೆ ಕಟ್ಟಿ, ಅದರ ಬಾಯನ್ನು ಸಡಿಲಿಸಿದೆ. ಗಾಳಿ ಹಿಂದಕ್ಕೆ ನುಗ್ಗಿತು, ಬಲೂನು ಮುಂದಕ್ಕೆ ಜಗ್ಗಿತು, ಪಟ್ಟಿ ಹಿಗ್ಗಿತು. ಎಷ್ಟು ಹಿಗ್ಗಿತೆಂಬುದನ್ನು ಮಕ್ಕಳು ಅಳತೆಪಟ್ಟಿ ಹಿಡಿದು ನೋಡಿದರು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ಹಾರಬೇಕಾದುದನ್ನು ಕಟ್ಟಿಹಾಕುವುದೇಕೆ ಎಂದು ಕೇಳಿದಳು. ಅವಳಿಗೆ ಅಂದು ನಾನು ಕೊಟ್ಟ ಉತ್ತರ ಚಿಕ್ಕದಾಗಿತ್ತು. ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಉತ್ತರವನ್ನು ಒಬ್ಬ ಮಹನೀಯರ ಜೀವನದ ಮೂಲಕ ವಿಸ್ತರಿಸಿ ಹೇಳಬೇಕೆನಿಸಿದೆ.

ರಾಕೆಟ್ ಎಂಜಿನನ್ನು ಆಕಾಶಕ್ಕೆ ಕಳುಹಿಸುವ ಮೊದಲು ನೆಲದ ಮೇಲೆಯೇ ಉರಿಸಿ ನೋಡುತ್ತಾರೆ. ಇದನ್ನು ನಿಶ್ಚಲ ಪರೀಕ್ಷೆ ಎನ್ನುತ್ತಾರೆ. ಎಂಜಿನನ್ನು ಕಾಂಕ್ರೀಟಿನ ಭದ್ರವಾದ ಕಟ್ಟೆಗೆ ಉಕ್ಕಿನ ಚೌಕಟ್ಟಿನಿಂದ ಬಿಗಿಯುತ್ತಾರೆ. ಅದು ಎಷ್ಟು ಬಲದಿಂದ ತಳ್ಳುತ್ತದೆ, ಒಳಗೆ ಒತ್ತಡವೆಷ್ಟು, ಗೋಡೆ ಎಷ್ಟು ಕಾಯುತ್ತದೆ, ಎಷ್ಟು ನಡುಗುತ್ತದೆ ಎಂಬುದನ್ನೆಲ್ಲ ನೂರಾರು ಮಾಪಕಗಳು ಅಳೆಯುತ್ತವೆ. ನೋಡುವವರು ಬಹುದೂರದಲ್ಲಿ ನಿಂತಿರಬೇಕು. ಮೊದಲು ಬೆಳಕು ಕಾಣಿಸುತ್ತದೆ. ಸದ್ದು ತಡವಾಗಿ, ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡುಗಳ ಲೆಕ್ಕದಲ್ಲಿ, ಮಿಂಚಿನ ಹಿಂದೆ ಬರುವ ಗುಡುಗಿನಂತೆ ಬಂದು ಎದೆಗೆ ತಾಕುತ್ತದೆ. ಇಷ್ಟೆಲ್ಲ ಆದರೂ ಎಂಜಿನ್ ಇದ್ದಲ್ಲಿಂದ ಒಂದು ಅಂಗುಲವೂ ಸರಿಯುವುದಿಲ್ಲ. ಅಲ್ಲಿ ಬಿರುಕು ಬಿಟ್ಟರೆ ಬಿಡಲಿ, ಒಡೆದರೆ ಒಡೆಯಲಿ. ದೋಷವು ನೆಲದ ಮೇಲೆ ತಿಳಿದರೆ ತಿದ್ದಬಹುದು ಎಂಬುದೇ ಅದರ ಉದ್ದೇಶ.

ಪರೀಕ್ಷಿಸಿ ತಿಳಿಯುವ ಈ ವಿವೇಕವನ್ನು ಬೆಂಗಳೂರಿನಲ್ಲಿ ಕುಳಿತು ಒಂದು ತಲೆಮಾರಿನ ವಿಜ್ಞಾನಿಗಳಿಗೆ ಕಲಿಸಿದವರು ಪ್ರೊ. ಸತೀಶ್ ಧವನ್ ಅವರು.

ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ತಂದೆ ನ್ಯಾಯಾಂಗದಲ್ಲಿದ್ದವರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಅವರು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಬಳಿಕ ಯಂತ್ರಶಾಸ್ತ್ರದಲ್ಲಿ ಬಿ.ಇ. ಪದವಿಗಳನ್ನು ಪಡೆದರು. ವಿಜ್ಞಾನವೋ ಸಾಹಿತ್ಯವೋ ಎಂದು ಮಕ್ಕಳನ್ನು ಹತ್ತನೆಯ ತರಗತಿಗೇ ವಿಂಗಡಿಸಿಬಿಡುವ ನಾವು, ಈ ಮೂರು ಪದವಿಗಳು ಒಬ್ಬರದೇ ಎಂಬುದನ್ನು ಒಂದು ಕ್ಷಣ ಯೋಚಿಸಬೇಕು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸ್ವಲ್ಪಕಾಲವಿದ್ದು, ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ತೆರಳಿದರು. 1947ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1951ರಲ್ಲಿ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯಿಂದ ಡಾಕ್ಟರೇಟನ್ನೂ ಗಳಿಸಿದರು. ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಅವರು ಕೈಗೊಂಡ ಸಂಶೋಧನೆಯ ವಿಷಯವೂ ಅಳತೆಯೇ ಆಗಿತ್ತು: ವೇಗವಾಗಿ ಹರಿಯುವ ಗಾಳಿಯು ಮೇಲ್ಮೈಯನ್ನು ಉಜ್ಜಿದಾಗ ಉಂಟಾಗುವ ಘರ್ಷಣೆಯನ್ನು ನೇರವಾಗಿ ಅಳೆಯುವುದು.

ಅದೇ ವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹುಟ್ಟಿನಿಂದ ಕನ್ನಡಿಗರಲ್ಲದ ಅವರು ಮುಂದಿನ ಅರ್ಧ ಶತಮಾನವನ್ನು ಬಹುತೇಕ ಕನ್ನಡನಾಡಿನಲ್ಲಿಯೇ ಕಳೆದರು. ಮಹಾರಾಷ್ಟ್ರದ ಗಡಿಯೊಳಗಿದ್ದು ಕನ್ನಡದಲ್ಲಿ ಕಲಿಯುವ ನಮ್ಮ ಬೆಳುಂಕಿಯಂಥ ಊರಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹುಟ್ಟಿದ ಊರು ಒಂದಾದರೆ, ದುಡಿಮೆಯಿಂದ ತನ್ನದಾಗುವ ಊರು ಇನ್ನೊಂದಿರಬಹುದು.

ಸಂಸ್ಥೆಯಲ್ಲಿ ಧವನ್ ಅವರು ವಾಯು ಸುರಂಗಗಳ ನಿರ್ಮಾಣಕ್ಕೆ ಕೈಹಾಕಿದರು. ಹಾರುವ ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ತಿಳಿಯಲು, ಅಲ್ಲಿ ವಿಮಾನದ ಮಾದರಿಯನ್ನು ನಿಲ್ಲಿಸಿ ಗಾಳಿಯನ್ನೇ ಅದರತ್ತ ಓಡಿಸುತ್ತಾರೆ. ಇದೂ ಹಾರುವುದನ್ನು ಕಟ್ಟಿಹಾಕಿ ನೋಡುವ ಪರೀಕ್ಷೆಯೇ. ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಯುವ ಪುಟ್ಟ ಸುರಂಗವನ್ನು ಅವರು ಮತ್ತು ಅವರ ಶಿಷ್ಯರು ದೊರೆತ ಸಾಮಗ್ರಿಗಳಿಂದಲೇ ಕಟ್ಟಿದರು. 14 ಅಡಿ ಅಗಲ, 9 ಅಡಿ ಎತ್ತರದ ಪರೀಕ್ಷಾ ಕೋಣೆಯುಳ್ಳ ದೊಡ್ಡ ಸುರಂಗವೂ ಆ ಆವರಣದಲ್ಲಿ ತಲೆಯೆತ್ತಿತು. 1962ರಲ್ಲಿ, ಇನ್ನೂ 42 ತುಂಬುವ ಹೊತ್ತಿನಲ್ಲಿ, ಅವರು ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಸ್ಥಾನದಲ್ಲಿದ್ದರು.

1971ರ ಡಿಸೆಂಬರ್ 30ರಂದು ಡಾ. ವಿಕ್ರಮ್ ಸಾರಾಭಾಯಿ ಅವರು ಹಠಾತ್ತನೆ ತೀರಿಕೊಂಡಾಗ ದೇಶದ ಬಾಹ್ಯಾಕಾಶ ಕಾರ್ಯ ಇನ್ನೂ ಎಳೆಯದು. ಆ ಹೊಣೆಯನ್ನು ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರು ಕರೆದಾಗ ಧವನ್ ಅವರು ಅಮೆರಿಕದಲ್ಲಿ ಬೋಧಿಸುತ್ತಿದ್ದರು. ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ಬಿಡುವುದಿಲ್ಲ, ಬಾಹ್ಯಾಕಾಶ ಕಾರ್ಯದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ಎರಡು ಷರತ್ತುಗಳನ್ನು ಮುಂದಿಟ್ಟರು. ಎರಡೂ ಒಪ್ಪಿಗೆಯಾದವು. 1972ರಲ್ಲಿ ಅವರು ಇಸ್ರೋ ಅಧ್ಯಕ್ಷರಾದರು.

ಮುಂದಿನ ಹನ್ನೆರಡು ವರ್ಷಗಳಲ್ಲಿ ನಡೆದ ಕೆಲಸ ಅಪಾರ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದೇ ವರ್ಷ ಆಗಸ್ಟಿನಿಂದ ಒಂದು ವರ್ಷದವರೆಗೆ, ಕರ್ನಾಟಕವೂ ಸೇರಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಪಾಠಗಳು ಬಂದವು. ಅವುಗಳಲ್ಲಿ ಕನ್ನಡದ ಪಾಠಗಳೂ ಇದ್ದವು. 1981ರಲ್ಲಿ ಆ್ಯಪಲ್ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗುತ್ತದೆಂದು ತಿಳಿದಾಗ, ಅದನ್ನು ಎತ್ತಿನ ಗಾಡಿಯ ಮೇಲಿರಿಸಿ ಬಯಲಿನಲ್ಲಿ ಪರೀಕ್ಷಿಸಿದರು. ಆ ಚಿತ್ರವನ್ನು ನೋಡಿ ನಗುವವರುಂಟು. ನಮ್ಮ ಮಕ್ಕಳು ಮಾತ್ರ ನಗಲಿಲ್ಲ. ಎತ್ತುಗಳು ಯಾವ ತಳಿಯವೆಂದು ಕೇಳಿದರು.

ಧವನ್ ಅವರ ವ್ಯಕ್ತಿತ್ವ ಪೂರ್ಣವಾಗಿ ಬೆಳಗಿದ್ದು ಎಸ್‌ಎಲ್‌ವಿ-3 ರಾಕೆಟ್ಟಿನ ಪ್ರಸಂಗದಲ್ಲಿ. 22 ಮೀಟರ್ ಎತ್ತರದ, 17 ಟನ್ ತೂಕದ, ನಾಲ್ಕು ಹಂತಗಳ ಆ ರಾಕೆಟ್ಟಿಗೆ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಯೋಜನಾ ನಿರ್ದೇಶಕರು. ಹಾರಾಟಕ್ಕೆ ಮುನ್ನ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯನ್ನು ನೆಲದ ಮೇಲೆ ಪರೀಕ್ಷಿಸುವಾಗ ನೈಟ್ರಿಕ್ ಆಮ್ಲದ ತೊಟ್ಟಿ ಸಿಡಿದು ತಂಡದವರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ನೆಲದ ಪರೀಕ್ಷೆಯೆಂದರೆ ಅಪಾಯವಿಲ್ಲದ ಆಟವಲ್ಲ.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ರಾಕೆಟ್ ಮೇಲೆದ್ದಿತು. ಉಡಾವಣೆಗೆ ಕೆಲವೇ ಕ್ಷಣಗಳಿರುವಾಗ ಕಂಪ್ಯೂಟರ್ ದೋಷವನ್ನು ಸೂಚಿಸಿ ಎಣಿಕೆಯನ್ನು ತಡೆದಿತ್ತೆಂದೂ, ತಜ್ಞರ ಸಲಹೆಯಂತೆ ಅದನ್ನು ಮೀರಿ ಮುಂದುವರಿಯುವ ನಿರ್ಧಾರವನ್ನು ತಾವೇ ಕೈಗೊಂಡುದಾಗಿಯೂ ಕಲಾಂ ಅವರು ಮುಂದೆ ಹಲವು ಸಭೆಗಳಲ್ಲಿ ನೆನೆದಿದ್ದಾರೆ. ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ಆಮ್ಲ ಸೋರಿಹೋಗಿ ರಾಕೆಟ್ ಹಿಡಿತ ತಪ್ಪಿತು. ಸುಮಾರು ಐದು ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ನೆಲವು ಕೊಟ್ಟ ಎಚ್ಚರಿಕೆಯನ್ನು ಆಕಾಶ ನಿಜಮಾಡಿತ್ತು.

ವರ್ಷಗಟ್ಟಲೆ ದುಡಿದ ತಂಡ ಕುಸಿದು ಕುಳಿತಿತ್ತು. ಪತ್ರಕರ್ತರು ಕಾದಿದ್ದರು. ಧವನ್ ಅವರು ಕಲಾಂ ಅವರನ್ನು ಮುಂದೆ ತಳ್ಳಲಿಲ್ಲ. ತಾವೇ ಪತ್ರಕರ್ತರೆದುರು ಕುಳಿತು, ಸೋಲಿನ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಾಗಿ ತಮ್ಮ ಮೇಲೆ ತೆಗೆದುಕೊಂಡರು. ತಮ್ಮ ತಂಡದ ಮೇಲೆ ವಿಶ್ವಾಸವಿದೆಯೆಂದೂ ಮುಂದಿನ ವರ್ಷ ಗೆಲ್ಲುವರೆಂದೂ ತಿಳಿಸಿದರು. ಹನ್ನೊಂದು ತಿಂಗಳ ಬಳಿಕ, 1980ರ ಜುಲೈ 18ರಂದು, ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಹೋಗುವಂತೆ ಅವರು ಕಲಾಂ ಅವರಿಗೆ ಹೇಳಿದರು. ತಾವು ಹಿಂದೆ ಸರಿದರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಶಿಕ್ಷಕಿಯಾಗಿದ್ದಾಗ, ಫಲಿತಾಂಶದ ದಿನ ಗಣಿತದಲ್ಲಿ ನಪಾಸಾದವರ ಹೆಸರುಗಳನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಓದಿದೆ. ಅವರಲ್ಲೊಬ್ಬ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಕಬ್ಬು ಕಡಿಯಲು ಹೊರಟ ತಂದೆತಾಯಿಯರೊಡನೆ ಅವನೂ ಹೋದನೆಂದು ನಂತರ ತಿಳಿಯಿತು. ಅವನಿಗೆ ಭಾಗಾಕಾರ ಬರುತ್ತಿರಲಿಲ್ಲ. ಅದನ್ನು ಕಲಿಸಬೇಕಾದವಳು ನಾನಾಗಿದ್ದೆ. ಧವನ್ ಅವರ ಜೀವನವನ್ನು ಓದುವಾಗಲೆಲ್ಲ ಆ ಹುಡುಗನ ಮುಖ ಕಣ್ಣೆದುರು ನಿಲ್ಲುತ್ತದೆ. ಅಂದಿನಿಂದ ಗೆದ್ದವರ ಹೆಸರುಗಳನ್ನು ಮಾತ್ರ ಸಭೆಯಲ್ಲಿ ಓದುತ್ತೇನೆ. ಉಳಿದವರ ಮನೆಗೆ ನಾನೇ ಹೋಗುತ್ತೇನೆ.

1984ರಲ್ಲಿ ಧವನ್ ಅವರು ಇಸ್ರೋ ಅಧ್ಯಕ್ಷತೆಯಿಂದ ನಿವೃತ್ತರಾದರು, ಯು. ಆರ್. ರಾವ್ ಅವರು ಆ ಸ್ಥಾನಕ್ಕೆ ಬಂದರು. ನಿವೃತ್ತರಾದ ಮೇಲೂ ಅವರ ಕುತೂಹಲ ಆರಲಿಲ್ಲ. ಶ್ರೀಹರಿಕೋಟದ ಮಗ್ಗುಲಿನ ಪುಲಿಕಾಟ್ ಸರೋವರದ ಹಕ್ಕಿಗಳನ್ನು ಆಸ್ಥೆಯಿಂದ ಗಮನಿಸಿದ್ದ ಅವರು, ಹಕ್ಕಿಗಳ ಹಾರಾಟವನ್ನು ಕುರಿತು ಬರೆದ ಪುಸ್ತಕ 1991ರಲ್ಲಿ ಪ್ರಕಟವಾಯಿತು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅದೇ ವರ್ಷದ ಸೆಪ್ಟೆಂಬರ್ 5ರಂದು ಶ್ರೀಹರಿಕೋಟದ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಅದು ಶಿಕ್ಷಕರ ದಿನಾಚರಣೆಯ ದಿನವಾಗಿದ್ದುದು ನಮ್ಮ ವೃತ್ತಿಯವರಿಗೆ ಸಂತೋಷದ ಸಂಗತಿ.

ಆತ್ಮೀಯ ಪಾಲಕರೇ, ಹಳೆಯ ವಿದ್ಯಾರ್ಥಿಗಳೇ, ಸಹೋದ್ಯೋಗಿ ಮಿತ್ರರೇ, ನೂರು ವರ್ಷಗಳಿಂದ ನಮ್ಮ ಶಾಲೆಯೂ ಹಾರುವ ಮುನ್ನ ನೆಲದಲ್ಲಿ ನಿಂತು ಬಲವನ್ನು ಅಳೆದುಕೊಳ್ಳುವ ಸ್ಥಳವಾಗಿದೆ. ಇಲ್ಲಿ ಕಾಗುಣಿತ ತಪ್ಪಬಹುದು, ಲೆಕ್ಕ ತಪ್ಪಬಹುದು, ವೇದಿಕೆಯ ಮೇಲೆ ಮಾತು ಮರೆಯಬಹುದು. ಆಗ ಮಗುವಿನ ಮುಂದೆ ನಿಂತು ಹೊಣೆ ಹೊರುವ ಹಿರಿಯರೊಬ್ಬರು ಬೇಕು. ಅದು ಗೆದ್ದ ದಿನ ಹಿಂದೆ ಸರಿಯಬಲ್ಲವರೂ ಬೇಕು. ನಿಮ್ಮ ಮಗು ಕಡಿಮೆ ಅಂಕದ ಹಾಳೆಯನ್ನು ಹಿಡಿದು ಮನೆಗೆ ಬಂದ ದಿನ, ದಯವಿಟ್ಟು ಮೊದಲು ಅದಕ್ಕೆ ಊಟ ಬಡಿಸಿರಿ. ಮರುದಿನ ಇಬ್ಬರೂ ಕೂಡಿ ಶಾಲೆಗೆ ಬನ್ನಿರಿ. ಎಲ್ಲಿ ಸೋರಿತೆಂಬುದನ್ನು ಕುಳಿತು ನೋಡೋಣ.