ಮನೆಮನೆಯ ಬಾಗಿಲಲ್ಲಿ ನಿಂತ ಯಾಜಕ: ಸಂತ ಜೋಸೆಫ್ ವಾಜರು

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ದೇವಾಲಯವೇ ಇಲ್ಲದ ಭಕ್ತರನ್ನು ಅರಸಿಕೊಂಡು ಹೋದ ಒಬ್ಬ ಮಹಾಪುರುಷರನ್ನು ನಾವು ಸ್ಮರಿಸುವುದು ಉಚಿತವಾಗಿದೆ. ಅವರೇ ಸಂತ ಜೋಸೆಫ್ ವಾಜರು. ನಮ್ಮ ಕರಾವಳಿಯ ಮಣ್ಣನ್ನು ತುಳಿದು ಸೇವೆ ಮಾಡಿದವರಾದುದರಿಂದ ಅವರು ನಮಗೆ ಪರಕೀಯರಲ್ಲ.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ಕುಲೀನವಾದ ಕೊಂಕಣಿ ಕುಟುಂಬವೊಂದರಲ್ಲಿ ಅವರು ಜನಿಸಿದರು. 1676ರಲ್ಲಿ ಗುರುಪಟ್ಟ ಪಡೆದರು. 1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಿದರು. ಆಗ ಇಲ್ಲಿನ ಕ್ರೈಸ್ತರ ಸ್ಥಿತಿ ಶೋಚನೀಯವಾಗಿತ್ತು. ಪೋರ್ಚುಗೀಸ್ ಪದ್ರೊವಾದೊ ಅಧಿಕಾರಕ್ಕೂ, ರೋಮಿನಿಂದ ನೇಮಕಗೊಂಡಿದ್ದ ಬಿಷಪ್ ತೋಮಸ್ ದ ಕಾಸ್ತ್ರೊ ಅವರಿಗೂ ನಡುವೆ ಅಧಿಕಾರವ್ಯಾಪ್ತಿಯ ವಿವಾದ ಹೊತ್ತಿಕೊಂಡಿತ್ತು. ಯಾವ ಯಾಜಕರ ಕೈಯಿಂದ ಸಂಸ್ಕಾರಗಳನ್ನು ಸ್ವೀಕರಿಸಬೇಕೆಂದು ತಿಳಿಯದೆ ಜನರು ಗೊಂದಲಕ್ಕೆ ಸಿಲುಕಿದ್ದರು. ಹಿರಿಯರ ಜಗಳದಲ್ಲಿ ದೇವಾಲಯದ ಹೊಸ್ತಿಲಲ್ಲೇ ನಿಂತವರು ಬಡಭಕ್ತರು. ವಾಜರು ವೈರಕ್ಕೆ ಎಡೆಗೊಡದೆ, ವಿನಯದಿಂದ ಮಾತುಕತೆ ನಡೆಸಿ, ಜನರ ಆತ್ಮಹಿತವನ್ನೇ ಮುಂದಿಟ್ಟರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳ ಕಡೆ ಕಾಲ್ನಡಿಗೆಯಲ್ಲಿ ಸಂಚರಿಸಿ, ಚದುರಿದ್ದವರನ್ನು ಒಗ್ಗೂಡಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನ ಬೆಟ್ಟದಲ್ಲಿ ಅವರ ಸ್ಮರಣೆ ಇಂದಿಗೂ ಜೀವಂತವಾಗಿದೆ.

1684ರಲ್ಲಿ ಗೋವೆಗೆ ಹಿಂದಿರುಗಿದ ಅವರು ಮರುವರ್ಷ ಅಲ್ಲಿನ ಒರೆಟರಿ ಯಾಜಕರ ಬಳಗವನ್ನು ಸೇರಿ ಅದಕ್ಕೆ ಭದ್ರವಾದ ಬುನಾದಿ ಹಾಕಿದರು. ಆದರೆ ಅವರ ಮನಸ್ಸು ಸಿಂಹಳದ್ವೀಪದತ್ತ ತುಡಿಯುತ್ತಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರದೂಡಿ, ಕಥೋಲಿಕ ಯಾಜಕರನ್ನು ನಿಷೇಧಿಸಿದ್ದರು. ದೇವಾಲಯಗಳ ಕಟ್ಟಡಗಳು ಉಳಿದಿದ್ದರೂ ಅವು ಡಚ್ಚರ ಸುಧಾರಿತ ಪಂಥದ ಪಾಲಾಗಿದ್ದವು. ಸುಮಾರು ಮೂವತ್ತು ವರ್ಷಗಳ ಕಾಲ ಕಥೋಲಿಕರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ತಮ್ಮದೇ ಊರಿನಲ್ಲಿ ತಮ್ಮದೆನ್ನುವ ದೇವಾಲಯವಿಲ್ಲ.

1687ರಲ್ಲಿ ವಾಜರು ತಮ್ಮ ನಿಲುವಂಗಿಯನ್ನು ಕಳಚಿಟ್ಟು, ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ಯಾಫ್ನಾದಲ್ಲಿ ತೀವ್ರವಾದ ಅತಿಸಾರದಿಂದ ಮರಣದಂಚಿಗೆ ತಲುಪಿ, ಹೇಗೋ ಬದುಕಿಕೊಂಡರು. ಆದರೆ ಮುಂದೇನು? ತಮ್ಮವರು ಯಾರೆಂದು ಬಹಿರಂಗವಾಗಿ ವಿಚಾರಿಸುವಂತಿರಲಿಲ್ಲ. ಆಗ ಅವರು ಕಂಡುಕೊಂಡ ಉಪಾಯ ಸರಳವಾದುದು. ಕೊರಳಲ್ಲಿ ಜಪಸರ ಧರಿಸಿ, ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತ ನಡೆದರು. ಜಪಸರವನ್ನು ಕಂಡು ಯಾರ ಕಣ್ಣು ಅರಳುತ್ತದೆಂದು ನೋಡುತ್ತಿದ್ದರು. ಕೊನೆಗೆ ಒಂದು ಮನೆಯವರು ಅದನ್ನು ಗುರುತಿಸಿದರು. ಎರಡೂ ಕಡೆ ಭಯ. ಎರಡೂ ಕಡೆ ಆಸೆ. ನಂಬಿಕೆ ಬಲಿತ ಮೇಲೆ ತಾವು ಯಾಜಕರೆಂದು ಅವರು ತಿಳಿಸಿದರು. ಅಂದಿನಿಂದ ಇರುಳಿನಲ್ಲಿ ಭಕ್ತರ ಮನೆಗಳೇ ದೇವಾಲಯಗಳಾದವು. ಸಿಲ್ಲಾಲೆ ಗ್ರಾಮ ಅವರಿಗೆ ಆಶ್ರಯ ನೀಡಿತು. 1689ರಲ್ಲಿ ಕ್ರಿಸ್ಮಸ್ ಸಮಯದಲ್ಲಿ ಡಚ್ಚರು ದಾಳಿ ನಡೆಸಿ ಅನೇಕ ಭಕ್ತರನ್ನು ಸೆರೆಹಿಡಿದರು. ತಮ್ಮ ಗುರುವಿಗೆ ಬಾಗಿಲು ತೆರೆದವರು ಅದಕ್ಕೆ ಬೆಲೆ ತೆರಬೇಕಾಯಿತು ಎಂಬುದನ್ನು ನಾವು ಮರೆಯಬಾರದು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆಪಾದನೆಯ ಮೇಲೆ ಅವರು ಬಂಧನಕ್ಕೊಳಗಾದರು. ಕ್ರಮೇಣ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯನೇ ಅವರಿಗೆ ರಕ್ಷಕನಾದನು. 1697ರಲ್ಲಿ ಸಿಡುಬು ಹಬ್ಬಿದಾಗ, ಬಂಧುಗಳೂ ತೊರೆದ ರೋಗಿಗಳನ್ನು ಮತಭೇದವಿಲ್ಲದೆ ಉಪಚರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಪ್ರಿಯ ಭಕ್ತಾದಿಗಳೇ, ನಮ್ಮ ದೇವಾಲಯದ ಬಾಗಿಲು ನೂರು ವರ್ಷಗಳಿಂದ ತೆರೆದೇ ಇದೆ. ಆದರೂ ಕೆಲಸಕ್ಕೆಂದು ಪರಊರಿನಿಂದ ಬಂದು, ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕುಳಿತು, ಯಾರೊಡನೆಯೂ ಮಾತಿಲ್ಲದೆ ಹಿಂದಿರುಗುವವರು ನಮ್ಮ ನಡುವೆ ಇಲ್ಲವೇ? ಅವರ ಹೆಸರನ್ನು ನಾವು ಕೇಳಿದ್ದೇವೆಯೇ? ಯಾಫ್ನಾದ ಆ ಕುಟುಂಬ ಪ್ರಾಣಭಯದ ನಡುವೆಯೂ ಭಿಕ್ಷುಕನೊಬ್ಬನ ಕೊರಳಿನ ಜಪಸರವನ್ನು ಗುರುತಿಸಿತು. ಯಾವ ಭಯವೂ ಇಲ್ಲದ ನಾವು ನಮ್ಮ ಪಕ್ಕದಲ್ಲಿ ಮೊಣಕಾಲೂರಿದವರನ್ನು ಗುರುತಿಸದೆ ಹೋದರೆ, ಕಲ್ಲುಗಾರೆಯ ಈ ಕಟ್ಟಡ ಎಷ್ಟು ಭವ್ಯವಾಗಿದ್ದರೇನು? ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ. ಬಂದವರನ್ನು ಬರಮಾಡಿಕೊಳ್ಳುವ ಹೃದಯವನ್ನು ಪ್ರಭು ನಮಗೆ ಅನುಗ್ರಹಿಸಲಿ.