ಒಡೆದರೂ ಚೂರಾಗದ ಗಾಜು ಕೊಟ್ಟ ಬೆನೆಡಿಕ್ಟಸ್



ಈ ಸಲದ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ಗಾಂಧೀಜಿ, ವಿಶ್ವೇಶ್ವರಯ್ಯ, ಎಡಿಸನ್ ಎಲ್ಲರನ್ನೂ ಗೆಳೆಯರು ಹಂಚಿಕೊಂಡು ಬಿಟ್ಟರು. ನಾನು ಫ್ರಾನ್ಸ್ ದೇಶದ ಎದುವಾರ್ ಬೆನೆಡಿಕ್ಟಸ್ ಅವರನ್ನು ಆರಿಸಿಕೊಂಡೆ. ಅದಕ್ಕೆ ಒಂದು ಕಾರಣ ಇದೆ. ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಸೋದರಮಾವ ಬಾಡಿಗೆ ಕಾರು ಓಡಿಸುತ್ತಾರೆ. ಹೋದ ತಿಂಗಳು ತಿಪಟೂರಿನಿಂದ ಅರಸೀಕೆರೆ ಕಡೆಗೆ ಬರುವಾಗ ಮುಂದೆ ಒಂದು ಜಲ್ಲಿ ಲಾರಿ ಹೋಗ್ತಾ ಇತ್ತು. ಅದರಿಂದ ಒಂದು ಕಲ್ಲು ಸಿಡಿದು ಕಾರಿನ ಮುಂದಿನ ಗಾಜಿಗೆ ಫಟ್ ಅಂತ ಬಡಿಯಿತು. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ. ಹೆದರಿ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟು ನೋಡಿದರೆ ಗಾಜು ತುಂಬಾ ಜೇಡರ ಬಲೆಯ ಹಾಗೆ ಬಿರುಕು. ಆದರೆ ಒಂದು ಚೂರೂ ಮಾವನ ಮುಖಕ್ಕೆ ಸಿಡಿದಿರಲಿಲ್ಲ. ಮಾವ ನಿಧಾನವಾಗಿ ಗಾಡಿಯನ್ನು ಪಕ್ಕಕ್ಕೆ ಹಾಕಿದರು.

ಮಾರನೇ ದಿನ ಗಾಜಿನ ಅಂಗಡಿಗೆ ಹೋದ್ವಿ. ಗಾಜಿಗೆ 4,800, ಅಂಟು ಮತ್ತು ಬೀಡಿಂಗಿಗೆ 700, ಕೂಲಿ 800, ಒಟ್ಟು 6,300 ರೂಪಾಯಿ ಆಯ್ತು. ಮಾವ ಮಾಡಿಸಿದ್ದು ಥರ್ಡ್ ಪಾರ್ಟಿ ಇನ್ಶೂರೆನ್ಸ್. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಮಾತ್ರ, ನಮ್ಮ ಗಾಜಿಗೆ ಬರೋದಿಲ್ಲವಂತೆ. ಶಾಲೆಯ ಹಂಪಿ ಪ್ರವಾಸಕ್ಕೆ ನನಗೆ ಕೊಡ್ತೀನಿ ಅಂದಿದ್ದ ದುಡ್ಡೂ ಅದಕ್ಕೇ ಹೋಯಿತು. ನನಗೆ ಅಳು ಬಂತು. ನಮ್ಮ ಮನೆ ಕಿಟಕಿ ಗಾಜು ಒಡೆದಾಗ ಕೆಲವು ನೂರು ರೂಪಾಯಿಯಲ್ಲಿ ಮುಗಿದಿತ್ತು, ಇದಕ್ಕೆ ಯಾಕೆ ಇಷ್ಟು ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಆಗ ಅವರು ಬೆನೆಡಿಕ್ಟಸ್ ಅವರ ಕಥೆ ಹೇಳಿದರು.

ಎದುವಾರ್ ಬೆನೆಡಿಕ್ಟಸ್ ಅವರು 1878ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದರು. ಅವರು ಬರೀ ವಿಜ್ಞಾನಿ ಅಲ್ಲ. ಚಿತ್ರಕಾರರು, ಸಂಗೀತ ಬಲ್ಲವರು. ಬಟ್ಟೆಗಳಿಗೆ, ಪುಸ್ತಕದ ರಟ್ಟುಗಳಿಗೆ ಬಣ್ಣಬಣ್ಣದ ವಿನ್ಯಾಸ ಬರೆಯುತ್ತಿದ್ದರು. ಹೂವು, ಬಳ್ಳಿ, ವೃತ್ತ, ಕೋನ ಸೇರಿಸಿ ಅವರು ಮಾಡಿದ ವಿನ್ಯಾಸಗಳ ಪುಸ್ತಕಗಳು ಇಂದಿಗೂ ಹೆಸರಾಗಿವೆ. ಇದರ ಜೊತೆಗೆ ರಸಾಯನಶಾಸ್ತ್ರದಲ್ಲೂ ಅವರಿಗೆ ತುಂಬಾ ಆಸಕ್ತಿ ಇತ್ತು.

1903ರಲ್ಲಿ ಒಂದು ದಿನ ಪ್ರಯೋಗಶಾಲೆಯಲ್ಲಿ ಅವರ ಕೈತಪ್ಪಿ ಗಾಜಿನ ಸೀಸೆಯೊಂದು ಮೇಲಿನಿಂದ ನೆಲಕ್ಕೆ ಬಿತ್ತು. ಚೂರುಚೂರಾಗಿ ಹರಡಬೇಕಿತ್ತು. ಆದರೆ ಸೀಸೆ ಬಿರುಕು ಬಿಟ್ಟರೂ ಚೂರುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆ ಸೀಸೆಯಲ್ಲಿ ಹಿಂದೆ ಸೆಲ್ಯುಲೋಸ್ ನೈಟ್ರೇಟ್ ಎಂಬ ದ್ರಾವಣ ಇತ್ತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಮಾಡುವ ವಸ್ತು ಅದು. ದ್ರಾವಣ ಆವಿಯಾಗಿ ಹೋಗಿ ಸೀಸೆಯ ಒಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಉಳಿದಿತ್ತು. ಆ ಪೊರೆಯೇ ಚೂರುಗಳನ್ನು ಹಿಡಿದುಕೊಂಡಿತ್ತು.

ನಾವಾಗಿದ್ದರೆ ಕಸ ಗುಡಿಸಿ ಹಾಕುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಆ ಕಾಲದ ಕಾರುಗಳಿಗೆ ಮುಂದೆ ಸಾಮಾನ್ಯ ಗಾಜನ್ನೇ ಹಾಕುತ್ತಿದ್ದರು. ಅಪಘಾತ ಆದರೆ ಅದು ಚಾಕುವಿನಂತೆ ಒಡೆದು ಜನರ ಮುಖ, ಕತ್ತು ಕೊಯ್ಯುತ್ತಿತ್ತು. ಅಂಥ ಅಪಘಾತಗಳ ಸುದ್ದಿ ಓದಿದಾಗ ಅವರಿಗೆ ಆ ಸೀಸೆ ನೆನಪಾಯಿತು ಎಂದು ಹೇಳುತ್ತಾರೆ. ಎರಡು ಗಾಜಿನ ಹಾಳೆಗಳ ನಡುವೆ ಅದೇ ತರಹದ ಪೊರೆ ಇಟ್ಟು ಒತ್ತಿ ಅಂಟಿಸಿದರು. 1909ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೂರು ಪದರ ಇದ್ದುದರಿಂದ ಅದಕ್ಕೆ ಟ್ರಿಪ್ಲೆಕ್ಸ್ ಎಂದು ಹೆಸರಾಯಿತು.

ಆದರೆ ಕಾರು ಮಾಡುವವರು ಕೂಡಲೇ ಅದನ್ನು ಕೊಳ್ಳಲಿಲ್ಲ. ಒಂದರ ಬದಲು ಎರಡು ಗಾಜು, ನಡುವೆ ಪೊರೆ, ಅಂಟಿಸುವ ಕೆಲಸ ಬೇರೆ. ಅಂದ್ರೆ ಕಾರಿನ ಬೆಲೆ ಜಾಸ್ತಿ ಆಗುತ್ತದೆ. ಮಾವನ ಬಿಲ್ಲು ನೋಡಿ ನನಗೆ ಬಂದ ಸಿಟ್ಟೇ ಅವರಿಗೂ ಬಂದಿರಬೇಕು! 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಆಗ ಸೈನಿಕರ ವಿಷಾನಿಲದ ಮುಖವಾಡಗಳಲ್ಲಿ ಕಣ್ಣಿನ ಜಾಗಕ್ಕೆ ಈ ಗಾಜನ್ನು ಹಾಕಿದರು. ಅಲ್ಲಿ ಅದರ ಬೆಲೆ ಎಷ್ಟು ಎಂಬುದಕ್ಕಿಂತ ಕಣ್ಣು ಉಳಿಯುವುದು ಮುಖ್ಯವಾಗಿತ್ತು. ಯುದ್ಧ ಮುಗಿದ ಮೇಲೆ ನಿಧಾನವಾಗಿ ಕಾರಿಗೂ ಬಂತು. ಅಮೆರಿಕದ ಹೆನ್ರಿ ಫೋರ್ಡ್ ಅವರ ಕಂಪನಿ 1927ರ ಕೊನೆಯಲ್ಲಿ ಹೊರತಂದ ಮಾಡೆಲ್ ಎ ಕಾರುಗಳ ಮುಂದೆ ಇಂಥ ಗಾಜನ್ನೇ ಹಾಕಿತು. ಬೆನೆಡಿಕ್ಟಸ್ ಅವರು 1930ರಲ್ಲಿ, ಇನ್ನೂ 51ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪೊರೆಗೆ ಒಂದು ದೋಷ ಇತ್ತು. ಬಿಸಿಲಿಗೆ ಹಳದಿ ಆಗಿಬಿಡುತ್ತಿತ್ತು. ಅವರ ನಂತರ 1930ರ ದಶಕದ ಕೊನೆಗೆ ಪಿವಿಬಿ ಎಂಬ ಒಳ್ಳೆಯ ಪ್ಲಾಸ್ಟಿಕ್ ಪೊರೆ ಬಂತು. ಈಗಲೂ ಅದನ್ನೇ ಬಳಸುತ್ತಾರೆ. ನಮ್ಮ ದೇಶದ ನಿಯಮದಂತೆಯೂ ಕಾರಿನ ಮುಂದೆ ಪದರಗಾಜೇ ಇರಬೇಕು. ಪಕ್ಕದ ಕಿಟಕಿಗಳಿಗೆ ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ ಒಂದೇ ಹಾಳೆಯ ಗಾಜು ಹಾಕಿರುತ್ತಾರೆ, ಅದು ಒಡೆದರೆ ಕಲ್ಲುಸಕ್ಕರೆಯಂತೆ ಸಣ್ಣ ಸಣ್ಣ ತುಂಡಾಗುತ್ತದೆ.

ಗಾಜನ್ನು ಬದಲಾಯಿಸುವುದನ್ನು ನಾನು ನಿಂತು ನೋಡಿದೆ. ಹಳೇ ಅಂಟನ್ನು ಕೊಯ್ದು ತೆಗೆದು, ಹೊಸ ಅಂಟು ಸುತ್ತಲೂ ಒಂದೇ ಸಮ ಬಳಿದು, ಇಬ್ಬರು ಹಿಡಿದು ಕೂರಿಸಿದರು. ಅಂಟು ಗಟ್ಟಿಯಾಗುವವರೆಗೆ ಕಾರು ತೆಗೆಯಬಾರದು ಅಂದರು. ಆ ದಿನದ ಬಾಡಿಗೆಯೂ ಹೋಯಿತು. ಕಾಳಿನಷ್ಟು ಸಣ್ಣ ಗಾಯವಾಗಿದ್ದರೆ ಅಂಟು ತುಂಬಿ ಕಡಿಮೆ ದುಡ್ಡಿನಲ್ಲಿ ಸರಿ ಮಾಡಬಹುದಿತ್ತಂತೆ. ನಮ್ಮದು ಪೂರ್ತಿ ಬಿರುಕು ಬಿಟ್ಟಿತ್ತು.

ಈಗ ನನಗೆ 6,300 ರೂಪಾಯಿಯ ಲೆಕ್ಕ ತಿಳಿಯಿತು. ಪ್ರವಾಸ ತಪ್ಪಿದ ಬೇಜಾರು ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಾವ ದಿನಾ ಸಂಜೆ ಮನೆಗೆ ಬಂದು ನನ್ನ ಹೋಮ್‌ವರ್ಕ್ ನೋಡುತ್ತಾರೆ. ನೋಡುವುದಕ್ಕೆ ಅವರ ಎರಡು ಕಣ್ಣೂ ಚೆನ್ನಾಗಿವೆ.

ಹಂಪಿಗೆ ಹೋಗುವ ಗೆಳೆಯರೇ, ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ಆ ದೊಡ್ಡ ಗಾಜನ್ನು ಒಮ್ಮೆ ನೋಡಿ, ಬೆನೆಡಿಕ್ಟಸ್ ಅವರನ್ನು ನೆನೆಯಿರಿ. ಜಲ್ಲಿ ಲಾರಿ ಸಿಕ್ಕರೆ ದೂರ ಬಿಟ್ಟು ಹೋಗಲು ಡ್ರೈವರ್ ಅಣ್ಣನಿಗೆ ಹೇಳಿ. ಬಂದ ಮೇಲೆ ಕಲ್ಲಿನ ರಥ ಹೇಗಿತ್ತು ಅಂತ ನನಗೂ ಹೇಳಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ